ಚಾರ್ಮಾಡಿ ಇಳಿದ ಎರಡು ಕಾರುಗಳು

ಕಾಫಿ ಒಣಗಿಸುವ ಕಣದಲ್ಲಿ ಆ ಬೆಳಿಗ್ಗೆ ಎರಡು ಕಾರುಗಳು ಪಕ್ಕಪಕ್ಕ ನಿಂತಿದ್ದವು. ಒಂದು ನನ್ನ ಸೋದರಮಾವನ 1979ರ ಮರ್ಸಿಡಿಸ್ ಬೆಂಜ್ 240ಡಿ. ಇನ್ನೊಂದು ನಾವು ಹಿಂದಿನ ರಾತ್ರಿ ಬೆಂಗಳೂರಿನಿಂದ ಓಡಿಸಿಕೊಂಡು ಬಂದ ಏಳು ಸೀಟಿನ ಮಹೀಂದ್ರ ಎಕ್ಸ್‌ಯುವಿ700. ಮೂಡಿಗೆರೆ ಕಡೆಯ ತೋಟದ ಮನೆ ಅದು. ಜೂನ್ ತಿಂಗಳ ಮೊದಲ ವಾರ, ಕಣ ಖಾಲಿ, ಸಿಮೆಂಟಿನ ಬಿರುಕುಗಳಲ್ಲಿ ಆಗಲೇ ಹಸಿರು ಪಾಚಿ. ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೊರಡುವ ಗಡಿಬಿಡಿ ಮನೆಯೊಳಗೆ ನಡೆದಿತ್ತು.

ಅಕ್ಕನ ಮಗನಿಗೆ ಹನ್ನೊಂದು ವರ್ಷ. ಗಿಡದ ಗುಂಡಿಗೆ ಗುರುತು ಹಾಕುವಾಗ ಬಳಸುವ ಅಳತೆ ಟೇಪನ್ನು ಎಲ್ಲಿಂದಲೋ ಹುಡುಕಿ ತಂದು, ಎರಡೂ ಕಾರುಗಳ ಮೂತಿಯಿಂದ ಬಾಲದವರೆಗೆ ನೆಲದ ಮೇಲೆ ಎಳೆದ. ಎರಡು ಸಲ ಅಳೆದ. ನಂಬಿಕೆ ಬರಲಿಲ್ಲವೇನೋ, ಮೂರನೆಯ ಸಲಕ್ಕೆ ನನ್ನನ್ನು ಕರೆದ.

“ಮಾಮಾ, ನೀನೇ ನೋಡು. ಅಜ್ಜನ ಕಾರೇ ಉದ್ದ!”

ಹೌದು, ಅಜ್ಜನ ಕಾರೇ ಉದ್ದ. ಕಂಪನಿಗಳೇ ಕೊಟ್ಟ ಲೆಕ್ಕದಲ್ಲಿ ಬೆಂಜ್ 4,725 ಮಿಲಿಮೀಟರ್, ಎಕ್ಸ್‌ಯುವಿ 4,695. ಮೂರು ಸೆಂಟಿಮೀಟರ್ ಅಂತರ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ದೂರದಲ್ಲೂ ಹಳೆಯದೇ ಮುಂದು: 2,795 ಮತ್ತು 2,750. ಕಣ್ಣಿಗೆ ಮಾತ್ರ ಹೊಸದು ಆನೆಯಂತೆ, ಹಳೆಯದು ಅದರ ಪಕ್ಕ ಮಲಗಿದ ಹಸುವಿನಂತೆ ಕಾಣುತ್ತಿತ್ತು. ಅಂತರವೆಲ್ಲ ಇರುವುದು ಎತ್ತರದಲ್ಲಿ. ಎಸ್‌ಯುವಿ ಒಂದು ಅಡಿಗಿಂತ ಹೆಚ್ಚು ಎತ್ತರ, ನಾಲ್ಕು ಇಂಚು ಹೆಚ್ಚು ಅಗಲ, ಭಾರ ನೂರಾರು ಕಿಲೋ ಜಾಸ್ತಿ. ಬಾನೆಟ್ಟಿನ ಕೆಳಗೆ ಹೋದರೆ ಅವು ಮತ್ತೆ ದಾಯಾದಿಗಳು. ಎರಡರಲ್ಲೂ ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್, ಹಳೆಯದು 2.4 ಲೀಟರ್, ಹೊಸದು 2.2. ಆದರೆ ಹಳೆಯದರ ಶಕ್ತಿ 72 ಕುದುರೆಗಳದ್ದು, ಹೊಸದರದ್ದು 185. ಎಳೆಯುವ ಬಲವಂತೂ ಮೂರು ಪಟ್ಟು. ನಲವತ್ತೆರಡು ವರ್ಷಗಳ ಅಂತರದಲ್ಲಿ ಇಂಧನವನ್ನು ಪಿಚಕಾರಿಯಂತೆ ಚಿಮ್ಮಿಸುವ ಒತ್ತಡ ಹೆಚ್ಚಿತು, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಬಂತು, ಎಷ್ಟು ಹನಿ ಯಾವ ಗಳಿಗೆಯಲ್ಲಿ ಎಂದು ಲೆಕ್ಕ ಹಾಕುವ ಗಣಕ ಬಂತು.

ಹುಡುಗ ಬೆಂಜಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಕೆಂಪು ದೀಪದ ಮೇಲೆ ಬೆರಳಾಡಿಸುತ್ತಿದ್ದ. ಅದರ ಗಾಜು ನುಣುಪಾಗಿಲ್ಲ. ಉದ್ದಕ್ಕೂ ಅಡ್ಡಡ್ಡ ಏಣುಗಳು, ರೊಟ್ಟಿ ಲಟ್ಟಿಸುವ ಗೀರು ಲಟ್ಟಣಿಗೆಯ ಹಾಗೆ.

“ಅಜ್ಜ, ಈ ಲೈಟಿಗೆ ಯಾಕೆ ಹೀಗೆ ಗೀರು ಗೀರು?”

“ಮಳೆ ಬರಲಿ, ತೋರಿಸ್ತೇನೆ” ಅಂದರು ಮಾವ.

ಅಲ್ಲಿ ಟ್ಯಾಕ್ಸಿ, ಇಲ್ಲಿ ಅರಸು

ಡಬ್ಲ್ಯು123 ಎಂಬುದು ಮಾವನ ಬೆಂಜಿನ ಮಾದರಿಗೆ ಕಾರ್ಖಾನೆಯವರು ಇಟ್ಟ ಹೆಸರು. 1976ರ ಜನವರಿಯಲ್ಲಿ ಲೋಕಕ್ಕೆ ಕಾಣಿಸಿಕೊಂಡು 1986ರ ಆರಂಭದವರೆಗೆ ತಯಾರಾದ ಇದು ಒಟ್ಟು ಸುಮಾರು 27 ಲಕ್ಷ ಸಂಖ್ಯೆಯಲ್ಲಿ ರಸ್ತೆಗಿಳಿಯಿತು. ಜರ್ಮನಿಯಲ್ಲಿ ಇದಕ್ಕೆ ದಂತದ ಬಣ್ಣ ಬಳಿದು ಟ್ಯಾಕ್ಸಿ ಓಡಿಸಿದರು. ಹಳ್ಳಿಯ ರೈತರು, ವೈದ್ಯರು, ಅಂಗಡಿಕಾರರು ಹೆಸರು ಬರೆಸಿ ವರ್ಷಗಟ್ಟಲೆ ಕಾದು ಕೊಂಡರು. ಆ ಕಾಯುವಿಕೆ ಎಷ್ಟು ಉದ್ದವಿತ್ತೆಂದರೆ, ಒಂದು ವರ್ಷ ಓಡಿದ ಕಾರಿಗೂ ಹೊಸದರಷ್ಟೇ ಬೆಲೆ ಸಿಗುತ್ತಿತ್ತು. ವಿಮಾನ ನಿಲ್ದಾಣದಿಂದ ಮನೆಗೆ ಹೋಗಲು ಬಾಡಿಗೆಗೆ ಹತ್ತುವ ಬಂಡಿ ಅದು. ಅಲ್ಲಿ ಯಾರೂ ಅದನ್ನು ಐಷಾರಾಮಿ ಎಂದು ಕಣ್ಣರಳಿಸಿ ನೋಡುತ್ತಿರಲಿಲ್ಲ.

ನಮ್ಮಲ್ಲಿಗೆ ಬಂದಾಗ ಅದೇ ಕಾರು ಅರಸಾಯಿತು. ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಬಿಟ್ಟರೆ ಹೆಚ್ಚು ಆಯ್ಕೆ ಇಲ್ಲದ ಕಾಲ. ವಿದೇಶಿ ಕಾರು ತರಿಸಬೇಕೆಂದರೆ ಪರವಾನಗಿ, ಮೇಲೆ ಕಾರಿನ ಬೆಲೆಯನ್ನೂ ಮೀರಿಸುವ ಸುಂಕ. ಉಳಿದಿದ್ದ ಸಣ್ಣ ಬಾಗಿಲು ಸರ್ಕಾರಿ ಸ್ವಾಮ್ಯದ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್. ದಿಲ್ಲಿಯ ರಾಯಭಾರ ಕಚೇರಿಗಳವರು ಬಳಸಿ ಬಿಟ್ಟ ಕಾರುಗಳು ಅದರ ಮೂಲಕ ಮಾರಾಟವಾಗುತ್ತಿದ್ದವು. ಮಾವನ ಬೆಂಜ್ ಬಂದದ್ದೂ ಆ ದಾರಿಯಲ್ಲೇ. ಎರಡು ಕೈ ದಾಟಿ 1988ರಲ್ಲಿ ಈ ತೋಟಕ್ಕೆ ಸೇರಿತು. ಆ ವರ್ಷ ಕಾಫಿಗೆ ಒಳ್ಳೆಯ ಫಸಲಿತ್ತಂತೆ. ಅತ್ತೆಗೆ ಮಾಡಿಸಬೇಕೆಂದಿದ್ದ ಬಳೆ ಮಾತ್ರ ಮುಂದಿನ ವರ್ಷಕ್ಕೆ ಹೋಯಿತು ಎಂಬುದನ್ನು ಅತ್ತೆ ಇವತ್ತಿಗೂ ನೆನಪಿಸುತ್ತಾರೆ.

ಹಾಗಾದರೆ ಈ ಕಾರಿನ ಐಷಾರಾಮ ಯಾವುದು? ಒಳಗೆ ಮರದ ಕೆತ್ತನೆಯಿಲ್ಲ. ಸೀಟಿಗೆ ಹಾಕಿರುವುದು ಚರ್ಮವಲ್ಲ, ಚರ್ಮದಂತೆ ಕಾಣುವ ದಪ್ಪ ರೆಕ್ಸಿನ್. ಕಿಟಕಿ ಇಳಿಸಲು ಕೈ ಹಿಡಿಕೆ ತಿರುಗಿಸಬೇಕು. ನನಗೆ ಇಷ್ಟು ವರ್ಷ ನೋಡಿ ಅರ್ಥವಾದದ್ದು ಇದು: ಅದರ ಐಷಾರಾಮ ಬಾಳಿಕೆಯಲ್ಲಿದೆ. ಬಾಗಿಲು ಹಾಕಿದರೆ ಕಣಜದ ಮುಚ್ಚಳ ಕೂತಂತೆ ‘ಧಪ್’ ಎಂದು ಒಂದೇ ಸದ್ದು, ನಲವತ್ತಾರು ವರ್ಷವಾದ ಮೇಲೂ. ಆ ರೆಕ್ಸಿನ್ ಸೀಟು ಇನ್ನೂ ಎಲ್ಲೂ ಒಡೆದಿಲ್ಲ. ಇದಕ್ಕೂ ಹಿಂದಿನ ಮಾದರಿಯ 1976ರ 240ಡಿ ಒಂದನ್ನು ಗ್ರೀಸ್‌ನ ಒಬ್ಬ ಟ್ಯಾಕ್ಸಿ ಚಾಲಕ ಎಂಜಿನ್ ಬದಲಿಸುತ್ತ ಬದಲಿಸುತ್ತ 46 ಲಕ್ಷ ಕಿಲೋಮೀಟರ್ ಓಡಿಸಿ, 2004ರಲ್ಲಿ ಸ್ಟಟ್‌ಗಾರ್ಟ್‌ನ ಬೆಂಜ್ ಮ್ಯೂಸಿಯಂಗೆ ಕೊಟ್ಟ. ಭೂಮಿಯಿಂದ ಚಂದ್ರನಿಗೆ ಆರು ಸಲ ಹೋಗಿ ಬರುವ ದೂರ ಹತ್ತಿರಹತ್ತಿರ.

ಬಾಳಿಕೆ ಕಾರಿನೊಳಗೆ ಮಾತ್ರ ಇರುವುದಿಲ್ಲ, ಅದನ್ನು ಬಿಚ್ಚಿ ಕೂಡಿಸಬಲ್ಲ ಕೈಗಳಲ್ಲೂ ಇರುತ್ತದೆ. ಇಲ್ಲಿ ಮಲೆನಾಡಿಗೆ ಒಂದು ಅದೃಷ್ಟವಿತ್ತು. 1954ರಿಂದ 1969ರವರೆಗೆ ಟಾಟಾದವರು ಬೆಂಜ್ ಸಹಯೋಗದಲ್ಲಿ ಜಮ್ಷೆಡ್‌ಪುರದಲ್ಲಿ ಲಾರಿ ಮಾಡಿದರು. ಮೂತಿಯ ಮೇಲೆ ಮೂರು ಮೊನೆಯ ನಕ್ಷತ್ರವಿದ್ದ ಆ ‘ಬೆಂಜ್ ಲಾರಿ’ಗಳು ದಿಮ್ಮಿ, ಕಾಫಿ, ಅಡಿಕೆ ಹೊತ್ತು ಇದೇ ಘಾಟಿ ಹತ್ತಿಳಿದವು. ಡೀಸೆಲ್ ಪಂಪಿನ ವಿದ್ಯೆ ಬೆಂಗಳೂರಿನ ಆಡುಗೋಡಿಯಿಂದ ಬಂತು. 1951ರಲ್ಲಿ ಶುರುವಾದ ಮೈಕೋ ಕಾರ್ಖಾನೆ ಬಾಷ್ ವಿನ್ಯಾಸದ ಪಂಪು, ನಾಜಲ್‌ಗಳನ್ನು ತಯಾರಿಸಿ ಊರೂರಿಗೆ ಮುಟ್ಟಿಸಿತು. ಮಾವನ ಕಾರಿನಲ್ಲಿರುವುದೂ ಬಾಷ್ ಪಂಪೇ. ಹಾಗಾಗಿ ಪೇಟೆಯ ಗ್ಯಾರೇಜಿನ ಮೇಸ್ತ್ರಿಗೆ, ಹುಡುಗನಾಗಿದ್ದಾಗ ಲಾರಿ ಕೆಳಗೆ ಮಲಗಿ ಕೆಲಸ ಕಲಿತವರಿಗೆ, ಈ ಬೆಂಜ್ ಪರಕೀಯವಾಗಲಿಲ್ಲ. ಬಾನೆಟ್ ನೆಟ್ಟಗೆ ತೊಂಬತ್ತು ಡಿಗ್ರಿ ಮೇಲೆದ್ದು ನಿಲ್ಲುತ್ತದೆ. “ನಿಂತು ಕೆಲಸ ಮಾಡ್ಲಿ ಅಂತ ಮಾಡಿದ್ದಾರೆ ನೋಡಿ, ಮೇಸ್ತ್ರಿಯ ಬೆನ್ನು ನೆನಪಿಟ್ಟುಕೊಂಡವರು” ಎಂದು ಅವರು ಒಮ್ಮೆ ಹೇಳಿದ್ದರು. ಕಾರು ಮಾಡುವವನು ಅದನ್ನು ರಿಪೇರಿ ಮಾಡುವವನನ್ನೂ ಮನಸ್ಸಿನಲ್ಲಿಟ್ಟುಕೊಂಡಿದ್ದ ಎಂಬುದು ನನಗೆ ಆ ಕಾರಿನ ಬಗ್ಗೆ ಗೊತ್ತಿರುವ ಅತ್ಯಂತ ದೊಡ್ಡ ವಿಷಯ.

ಇಳಿಜಾರು

ಹೋಗುವಾಗ ಬೆಂಜ್ ನನ್ನ ಕೈಗೆ ಬಂತು, ಪಕ್ಕದಲ್ಲಿ ಮಾವ. ಎಸ್‌ಯುವಿಯಲ್ಲಿ ಅಮ್ಮ, ಅತ್ತೆ, ಅಕ್ಕ, ಮೂವರು ಮಕ್ಕಳು, ಓಡಿಸುವುದು ನನ್ನ ಹೆಂಡತಿ. ಅವಳು ಗುಂಡಿ ಒತ್ತಿದಳು, ಎಂಜಿನ್ ಹೊರಟಿತು. ನಾನು ಕೀಲಿ ತಿರುಗಿಸಿ, ಹೀಟರ್ ದೀಪ ಆರಲಿ ಎಂದು ಕಾದೆ. ತಂಪು ಬೆಳಿಗ್ಗೆ ಅರ್ಧ ನಿಮಿಷವಾದರೂ ಬೇಕು. ಆ ಅರ್ಧ ನಿಮಿಷದಲ್ಲಿ ಮಾವ ಕನ್ನಡಿ ಸರಿ ಮಾಡಿಕೊಂಡರು, ತಾಂಬೂಲ ಬಾಯಿಗೆ ಹಾಕಿಕೊಂಡರು, ಘಾಟಿಯ ಅಣ್ಣಪ್ಪ ಸ್ವಾಮಿಯನ್ನು ನೆನೆದರು. ಆಮೇಲೆ ಎಂಜಿನ್ ಗಡಗಡಿಸಿ ಎದ್ದಿತು.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಘಾಟಿಗೆ ಇಳಿದೆವು. ಮೊದಲ ತಿರುವಿನಲ್ಲೇ ನನ್ನ ಬೆಂಗಳೂರಿನ ಅಭ್ಯಾಸ ಹೊರಬಂತು, ಬ್ರೇಕ್ ಮೇಲೆ ಕಾಲು.

“ಕಾಲು ತೆಗಿ ಮಾರಾಯ. ಯಾವ ಗೇರಲ್ಲಿ ಹತ್ತುತ್ತದೋ ಅದೇ ಗೇರಲ್ಲಿ ಇಳಿಸು. ಬ್ರೇಕು ದನ ಬಂದಾಗ ಬೇಕಾಗ್ತದೆ.”

ಎರಡನೇ ಗೇರಿನಲ್ಲಿ, ಎಂಜಿನ್ನಿನ ಹಿಡಿತದಲ್ಲಿ, ಆ ಕಾರು ಬಂಡೆಯ ಮಗ್ಗುಲಿಗೆ ಒರಗಿ ನಿಧಾನ ಇಳಿಯಿತು. ಸ್ಟೇರಿಂಗ್ ಚಕ್ರ ನಮ್ಮ ಮನೆಯ ಹಿಟ್ಟು ಜರಡಿಗಿಂತ ದೊಡ್ಡದು. ತಿರುವಿಗೆ ತೋಳೆಲ್ಲ ಹಾಕಿ ತಿರುಗಿಸಬೇಕು. ಆದರೆ ಕಾಣುವ ನೋಟವೊಂದಿದೆಯಲ್ಲ, ಅದನ್ನು ಯಾವ ಹೊಸ ಕಾರೂ ನನಗೆ ಕೊಟ್ಟಿಲ್ಲ. ಗಾಜನ್ನು ಹಿಡಿದಿರುವ ಕಂಬಗಳು ಎರಡು ಬೆರಳಿನಷ್ಟು ಸಪೂರ, ಕಿಟಕಿಯ ಅಂಚು ಮೊಣಕೈಗಿಂತ ಕೆಳಗೆ. ಬಾನೆಟ್ಟಿನ ನಾಲ್ಕು ಮೂಲೆಯೂ ಕಣ್ಣಿಗೆ ಸಿಗುತ್ತದೆ, ತುದಿಯಲ್ಲಿ ನಕ್ಷತ್ರ ನಿಂತು ‘ಇಲ್ಲಿಗೆ ಮುಗಿಯಿತು ನಾನು’ ಎಂದು ತೋರಿಸುತ್ತದೆ. ಹಿಮ್ಮುರಿ ತಿರುವಿನಲ್ಲಿ ಕೆಳಗಿನಿಂದ ಬರುವ ಬೈಕಿನವನು ತಿರುವಿಗೆ ಮುನ್ನವೇ ಕಂಡುಬಿಡುತ್ತಾನೆ.

ನಮ್ಮ ಎಸ್‌ಯುವಿಯಲ್ಲಿ ಅದೇ ಕಂಬ ತೆಂಗಿನ ಗಿಡದಷ್ಟು ದಪ್ಪ. ಬಲ ತಿರುವಿನಲ್ಲಿ ಒಬ್ಬ ಬೈಕಿನವನು ಅದರ ಹಿಂದೆ ಪೂರ್ತಿ ಮರೆಯಾಗಬಲ್ಲ. ನಾನು ಸೀಟಿನಲ್ಲಿ ಮುಂದಕ್ಕೆ ಬಾಗಿ ಇಣುಕಿ ನೋಡುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಆದರೆ ಆ ಕಂಬ ಸುಮ್ಮನೆ ದಪ್ಪವಾದದ್ದಲ್ಲ. ಕಾರು ಮಗುಚಿದರೆ ಚಾವಣಿ ಕುಸಿಯದಂತೆ ಹಿಡಿಯುವುದು ಅದೇ, ಎದುರಿನಿಂದ ಬಡಿದ ಪೆಟ್ಟನ್ನು ಚಾವಣಿಯ ಕಡೆಗೆ ಸಾಗಿಸುವುದೂ ಅದೇ. ಕಣ್ಣಿಗೆ ಆದ ನಷ್ಟವನ್ನು ಕ್ಯಾಮೆರಾ ತುಂಬಿಕೊಡುತ್ತದೆ ಎಂದು ಕಂಪನಿಗಳು ಸುತ್ತಲೂ ನಾಲ್ಕು ಕ್ಯಾಮೆರಾ ಕೊಟ್ಟಿವೆ. ಕಾರು ನಿಲ್ಲಿಸುವಾಗ ಅವು ನಿಜಕ್ಕೂ ಉಪಕಾರಿ. ಘಾಟಿಯ ತಿರುವಿನಲ್ಲಿ ಯಾರು ಪರದೆ ನೋಡುತ್ತಾರೆ? ಲೇನಿನ ಗೆರೆಯೇ ಇಲ್ಲದ ರಸ್ತೆಯಲ್ಲಿ ಲೇನ್ ಕಾಯುವ ಸಹಾಯಕನಿಗೂ ಕೆಲಸವಿಲ್ಲ.

ನನ್ನ ಹೆಂಡತಿಯ ಅನುಭವ ಬೇರೆ. ಮೊದಲಿದ್ದ ಸಣ್ಣ ಕಾರಿನಲ್ಲಿ ಅವಳು ಹೆದ್ದಾರಿಗೆ ಬರುತ್ತಲೇ ಇರಲಿಲ್ಲ. “ಇದರಲ್ಲಿ ಕೂತರೆ ಬಸ್ ಡ್ರೈವರ್ ಮುಖ ಕಾಣುತ್ತೆ. ಅವನಿಗೂ ನಾನು ಕಾಣ್ತೀನಿ” ಅನ್ನುತ್ತಾಳೆ. ಆ ಎತ್ತರ ಅವಳಿಗೆ ಕೊಟ್ಟಿರುವ ಧೈರ್ಯವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೂರು ತಾಸಿನ ದೂರಕ್ಕೂ ನನ್ನ ರಜೆ ಕಾಯುತ್ತಿದ್ದವಳು ಈಗ ಮಗಳನ್ನು ಕೂರಿಸಿಕೊಂಡು ತವರಿಗೆ ಒಬ್ಬಳೇ ಹೋಗಿ ಬರುತ್ತಾಳೆ. ಭಾರತದಲ್ಲಿ ಈಗ ಮಾರಾಟವಾಗುವ ಹೊಸ ಪ್ರಯಾಣಿಕ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಬಗೆಯವು. ಇದನ್ನು ಬರೀ ದೌಲತ್ತು ಎಂದು ಬದಿಗೆ ತಳ್ಳುವವರ ಜೊತೆ ನಾನಿಲ್ಲ. ಗುಂಡಿ ಬಿದ್ದ ರಸ್ತೆ, ಅಳತೆ ಮೀರಿದ ಹಂಪು, ಮಳೆಗಾಲದ ನೀರು, ಒಂದೇ ಕಾರಿನಲ್ಲಿ ಹೋಗಬೇಕಾದ ಮೂರು ತಲೆಮಾರು, ಎಲ್ಲ ಸೇರಿ ಜನರನ್ನು ಇಲ್ಲಿಗೆ ತಂದಿವೆ.

ಅಮ್ಮನ ಮಂಡಿಯ ಮಾತನ್ನೂ ಹೇಳಬೇಕು. ಬೆಂಜಿನ ಹಿಂದಿನ ಸೀಟು ಮೆತ್ತಗೆ, ಹಾಸಿಗೆಯಂತೆ. ಆದರೆ ತಗ್ಗು. ಅಲ್ಲಿಂದ ಏಳಬೇಕಾದರೆ ಅಮ್ಮನನ್ನು ಇಬ್ಬರು ಎತ್ತಬೇಕು. ಎಸ್‌ಯುವಿಯ ಸೀಟು ಅವಳ ಸೊಂಟದ ಮಟ್ಟಕ್ಕೇ ಇದೆ. ಬಾಗಿಲು ತೆರೆದು ಪಕ್ಕಕ್ಕೆ ಕೂತು, ಕಾಲು ಒಳಗೆಳೆದುಕೊಂಡರೆ ಮುಗಿಯಿತು. ಎಪ್ಪತ್ತೆರಡರ ಹೆಂಗಸು ಯಾರ ಕೈಯನ್ನೂ ಹಿಡಿಯದೆ ಇಳಿದು ದೇವಸ್ಥಾನದ ಕಡೆ ನಡೆಯುವುದು ಸಣ್ಣ ಸಂಗತಿಯಲ್ಲ.

ಗಟ್ಟಿ ಎಂದರೇನು

“ಹಳೇ ಕಬ್ಬಿಣ, ಗಟ್ಟಿ. ಈಗಿನವು ತಗಡು, ಬೆರಳಲ್ಲಿ ಒತ್ತಿದರೆ ತಗ್ಗಾಗ್ತವೆ.” ಈ ಮಾತನ್ನು ನಾನು ಗ್ಯಾರೇಜಿನಲ್ಲಿ, ಮದುವೆ ಮನೆಯಲ್ಲಿ, ಪೆಟ್ರೋಲ್ ಬಂಕಿನಲ್ಲಿ ಕೇಳಿದ್ದೇನೆ. ಈ ನಂಬಿಕೆ ಜೀವಕ್ಕೆ ಕುತ್ತು ತರುವಂಥದ್ದು, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

2009ರಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ ತನ್ನ ಐವತ್ತನೇ ವರ್ಷಕ್ಕೆ ಒಂದು ಪರೀಕ್ಷೆ ಮಾಡಿತು. ಸಂಸ್ಥೆ ಹುಟ್ಟಿದ ವರ್ಷದ, ಅಂದರೆ 1959ರ ಶೆವರ್ಲೆ ಬೆಲ್ ಏರ್ ಕಾರನ್ನು 2009ರ ಶೆವರ್ಲೆ ಮಾಲಿಬು ಕಾರಿಗೆ ಎದುರಾಬದುರು ಡಿಕ್ಕಿ ಹೊಡೆಸಿದರು. ಎರಡೂ ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ, ಮೂತಿಯ ಅರ್ಧ ಭಾಗಕ್ಕೆ ಪೆಟ್ಟು. ಬೆಲ್ ಏರ್ ನೋಡಲು ಉಕ್ಕಿನ ಹಡಗು. ಪೆಟ್ಟು ಬಿದ್ದಾಗ ಅದರ ಚಾಲಕನ ಕೋಣೆ ಮಡಚಿಹೋಯಿತು, ಬಾಗಿಲು ತೆರೆದುಕೊಂಡಿತು, ಸ್ಟೇರಿಂಗ್ ಕಂಬ ಎದೆಯ ಕಡೆ ನುಗ್ಗಿತು. ಒಳಗಿದ್ದದ್ದು ಗೊಂಬೆಯಾಗಿರದಿದ್ದರೆ ಸ್ಥಳದಲ್ಲೇ ಸಾವು. ಮಾಲಿಬುವಿನ ಮೂತಿ ಪೂರ್ತಿ ಜಜ್ಜಿಹೋದರೂ ಒಳಗಿನ ಕೋಣೆ ಹಾಗೇ ಉಳಿಯಿತು. ಅಲ್ಲಿನ ಗೊಂಬೆಗೆ ಪಾದದ ಬಳಿ ಸಣ್ಣ ಗಾಯದಷ್ಟೇ ಪೆಟ್ಟು.

ಇದರ ಹಿಂದಿನ ಯೋಚನೆ ಬೆಂಜ್ ಕಂಪನಿಯಿಂದಲೇ ಬಂದದ್ದು. ಬೇಲಾ ಬರೇನಿ ಎಂಬ ಎಂಜಿನಿಯರ್ 1951ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಕಾರಿನ ಮುಂದು ಹಿಂದು ಮೆತ್ತಗಿರಲಿ, ನಡುವೆ ಜನ ಕೂರುವ ಕೋಣೆ ಗಟ್ಟಿಯಿರಲಿ. ಪೆಟ್ಟಿನ ರಭಸವನ್ನು ಮೂತಿಯೇ ನಜ್ಜುಗುಜ್ಜಾಗಿ ನುಂಗಿಕೊಳ್ಳಲಿ. ಹಲಸಿನ ಹಣ್ಣು ಮರದಿಂದ ಬಿದ್ದಾಗ ಸಿಪ್ಪೆ ಒಡೆದು ಒಳಗಿನ ಬೀಜ ಉಳಿಯುವುದಿಲ್ಲವೆ, ಹಾಗೆ. 1959ರಿಂದ ಬೆಂಜ್ ಕಾರುಗಳಲ್ಲಿ ಇದು ಜಾರಿಗೆ ಬಂತು. ಮಾವನ 240ಡಿಯಲ್ಲೂ ಇದೆ. ಆ ಅರ್ಥದಲ್ಲಿ ಅದು ತನ್ನ ಕಾಲಕ್ಕಿಂತ ಮುಂದಿದ್ದ ಕಾರು. ನಾಲ್ಕು ಚಕ್ರಕ್ಕೂ ಡಿಸ್ಕ್ ಬ್ರೇಕ್ ಇದೆ. ಆದರೆ ಚಕ್ರ ಜಾಮ್ ಆಗಿ ಕಾರು ಜಾರದಂತೆ ತಡೆಯುವ ಎಬಿಎಸ್ ಈ ಮಾದರಿಗೆ ಬಂದದ್ದು 1980ರಲ್ಲಿ, ಏರ್‌ಬ್ಯಾಗ್ 1982ರಲ್ಲಿ, ಅದೂ ಹೆಚ್ಚಿನ ಹಣ ಕೊಟ್ಟವರಿಗೆ. 1979ರ ನಮ್ಮ ಕಾರಿನಲ್ಲಿ ಎರಡೂ ಇಲ್ಲ.

ಎಕ್ಸ್‌ಯುವಿ700 ಅನ್ನು 2021ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷಿಸಿ ದೊಡ್ಡವರ ಸುರಕ್ಷತೆಗೆ ಐದು ನಕ್ಷತ್ರ, ಮಕ್ಕಳಿಗೆ ನಾಲ್ಕು ಕೊಟ್ಟಿತು. ಅದಕ್ಕೆ ಏಳು ವರ್ಷ ಹಿಂದೆ, 2014ರಲ್ಲಿ, ಇದೇ ಸಂಸ್ಥೆ ಮೊದಲ ಸಲ ನಮ್ಮಲ್ಲಿ ಹೆಚ್ಚು ಮಾರಾಟವಾಗುವ ಸಣ್ಣ ಕಾರುಗಳನ್ನು ಡಿಕ್ಕಿ ಹೊಡೆಸಿ ನೋಡಿದಾಗ ಅವುಗಳ ಬಡ ಆವೃತ್ತಿಗಳಿಗೆ ಸಿಕ್ಕಿದ್ದು ಸೊನ್ನೆ. ಸೊನ್ನೆಯಿಂದ ಐದಕ್ಕೆ ಬಂದ ಈ ದಾರಿಯನ್ನು ನಾನು ಕಾರುಗಳ ಚರಿತ್ರೆಯ ಸಣ್ಣ ಅಡಿಟಿಪ್ಪಣಿ ಎಂದು ನೋಡಲಾರೆ. ಈಗ ಭಾರತ್ ಎನ್‌ಕ್ಯಾಪ್ ಎಂಬ ನಮ್ಮದೇ ಪರೀಕ್ಷೆ 2023ರ ಅಕ್ಟೋಬರ್‌ನಿಂದ ನಡೆಯುತ್ತಿದೆ. ಶೋರೂಮಿಗೆ ಹೋದವರು ಪರದೆಯ ಅಗಲ ಕೇಳುವ ಮೊದಲು ನಕ್ಷತ್ರ ಎಷ್ಟು ಎಂದು ಕೇಳಬೇಕು, ಕೇಳುತ್ತಿದ್ದಾರೆ ಕೂಡ. ಮಕ್ಕಳನ್ನು ಯಾವುದರಲ್ಲಿ ಕೂರಿಸುತ್ತೀ ಎಂದರೆ ನನ್ನ ಉತ್ತರದಲ್ಲಿ ಅನುಮಾನವಿಲ್ಲ. ಆ ದಿನ ಮೂವರು ಮಕ್ಕಳೂ ಎಸ್‌ಯುವಿಯಲ್ಲಿ, ಬೆಲ್ಟ್ ಹಾಕಿಕೊಂಡು ಕೂತಿದ್ದು ಅದಕ್ಕಾಗಿಯೇ, ಅಕ್ಕನ ಮಗ ಅಜ್ಜನ ಜೊತೆ ಬರುತ್ತೇನೆಂದು ಎಷ್ಟು ಹಟ ಮಾಡಿದರೂ.

ಒಳಗಿನವರ ಮಾತಾಯಿತು. ರಸ್ತೆಯಲ್ಲಿ ನಡೆಯುವವರ ಪಾಲಿಗೆ ಈ ಎತ್ತರದ ಮೂತಿ ಒಳ್ಳೆಯದಲ್ಲ. ಅದೇ ಅಮೆರಿಕದ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಾನೆಟ್ಟಿನ ಎತ್ತರ 40 ಇಂಚು ಮೀರಿದ ವಾಹನ ಪಾದಚಾರಿಗೆ ಬಡಿದರೆ, ತಗ್ಗಾದ ಇಳಿಜಾರು ಮೂತಿಯ ಕಾರಿಗಿಂತ ಸಾವಿನ ಸಂಭವ ಸುಮಾರು ಶೇಕಡ 45ರಷ್ಟು ಹೆಚ್ಚು. ತಗ್ಗು ಮೂತಿ ಕಾಲಿಗೆ ಬಡಿದು ಮನುಷ್ಯನನ್ನು ಬಾನೆಟ್ಟಿನ ಮೇಲೆ ಎತ್ತಿ ಹಾಕುತ್ತದೆ. ಎತ್ತರದ ಮೂತಿ ಎದೆಗೆ, ತಲೆಗೆ ಬಡಿದು ನೆಲಕ್ಕೆ ಕೆಡವುತ್ತದೆ. ಮಗುವಾದರೆ ಹೇಳುವುದೇ ಬೇಡ. ನಮ್ಮ ರಸ್ತೆಗಳಲ್ಲಿ ನಡೆಯುವವರಿಗೆ ಬದಿಯೇ ಇಲ್ಲ. ಎಸ್‌ಯುವಿ ಓಡಿಸುವಾಗ ಊರೊಳಗೆ ಬಂದಾಗಲೆಲ್ಲ ಈ ಸಂಖ್ಯೆ ನನ್ನ ತಲೆಯಲ್ಲಿರುತ್ತದೆ, ಕಾಲು ತಾನಾಗಿ ಹಗುರಾಗುತ್ತದೆ.

ಹೊಗೆಯ ವಿಷಯದಲ್ಲಿ ಹಳೆಯದರ ಪರ ವಕೀಲಿಕೆಗೆ ಜಾಗವಿಲ್ಲ. ಏರಿನಲ್ಲಿ ಬೆಂಜ್ ಬಿಡುವ ಕಪ್ಪು ಹೊಗೆ ಹಿಂದಿನ ಬೈಕಿನವನ ಮುಖಕ್ಕೆ ಹೋಗುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ನಿಯಮದ ಡೀಸೆಲ್ ಕಾರಿನಲ್ಲಿ ಮಸಿಯನ್ನು ಹಿಡಿದು ಸುಡುವ ಜಾಲರಿಯೇ ಇದೆ. ಮಾವ ವರ್ಷಕ್ಕೆ ಹೆಚ್ಚೆಂದರೆ ಸಾವಿರ ಕಿಲೋಮೀಟರ್ ಓಡಿಸುತ್ತಾರೆ, ಅಷ್ಟು ನೆಮ್ಮದಿ.

ಹಗ್ಗದ ಆಚೆ ನಿಂತ ಕಾರುಗಳು

ದೇವರ ದರ್ಶನ, ಊಟ ಮುಗಿಸಿ ಧರ್ಮಸ್ಥಳದ ಹಳೆ ಕಾರುಗಳ ಸಂಗ್ರಹಾಲಯಕ್ಕೆ ಹೋದೆವು. ಹೊಳೆಯುವ ಹಿತ್ತಾಳೆ ದೀಪ, ಕಡ್ಡಿ ಚಕ್ರ, ಮರದ ಚೌಕಟ್ಟು. ಪ್ರತಿ ಕಾರನ್ನೂ ಮನಸ್ಸಿಟ್ಟು ಉಳಿಸಿದ್ದಾರೆ. ಮಕ್ಕಳು ಒಂದೊಂದರ ಮುಂದೆ ನಿಂತು ಬಾಯಿ ಬಿಟ್ಟು ನೋಡಿದರು. ಮಾವ ಮಾತ್ರ ಒಂದು ಕಾರಿನ ಟೈರನ್ನೇ ನೋಡುತ್ತ ನಿಂತಿದ್ದರು.

“ರಬ್ಬರ್ ಸವೆದಿಲ್ಲ ನೋಡು. ನಿಂತೇ ಇದ್ರೆ ಹೇಗೆ ಸವೀತದೆ?”

ಅವರ ಮನಸ್ಸಿನಲ್ಲಿದ್ದ ಚಿಂತೆ ನನಗೆ ಗೊತ್ತಿತ್ತು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂದಿತು. ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿ, ದೊಡ್ಡ ಬದಲಾವಣೆ ಮಾಡದೆ ಉಳಿಸಿದ ವಾಹನಕ್ಕೆ ‘ವಿಎ’ ಅಕ್ಷರಗಳ ವಿಶೇಷ ಸಂಖ್ಯೆ, ಹತ್ತು ವರ್ಷದ ನೋಂದಣಿ. ಹಳೆಯದನ್ನು ಗುಜರಿಗೆ ಹೋಗದಂತೆ ಕಾಯುವ ಒಳ್ಳೆಯ ನಿಯಮ ಇದು. ಆದರೆ ಆ ನೋಂದಣಿ ಪಡೆದ ಕಾರನ್ನು ಪ್ರದರ್ಶನ, ರ್‍ಯಾಲಿ, ಇಂಧನ ತುಂಬಿಸುವುದು, ರಿಪೇರಿ ಇಂಥ ಕಾರಣಗಳಿಗಷ್ಟೇ ರಸ್ತೆಗೆ ತರಬಹುದು. ನಿತ್ಯದ ಓಡಾಟಕ್ಕಿಲ್ಲ. ಮಾವನ ಬೆಂಜಿಗೆ 2029ಕ್ಕೆ ಐವತ್ತು ತುಂಬುತ್ತದೆ. ಅಲ್ಲಿಯವರೆಗೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಒಗೆ ಒಯ್ದು, ತಪಾಸಣೆ ಮಾಡಿಸಿ, ಆರ್‌ಸಿ ನವೀಕರಿಸಿ ಓಡಿಸುತ್ತಿದ್ದಾರೆ.

“ನನಗೆ ಆ ನಂಬರು ಬೇಡ. ಧರ್ಮಸ್ಥಳಕ್ಕೆ ಬಾರದ ಕಾರು ಇಟ್ಟುಕೊಂಡು ನಾನೇನು ಮಾಡ್ಲಿ?” ಅಂದರು.

ನನಗೆ ಅವರ ಮಾತು ಸರಿ ಅನ್ನಿಸಿತು. ಹಾಗೆಯೇ ಇನ್ನೊಂದು ಯೋಚನೆಯೂ ಬಂತು: ಇವತ್ತಿನ ನಮ್ಮ ಎಸ್‌ಯುವಿ ಅಂಥ ಸಾಲಿನಲ್ಲಿ ನಿಲ್ಲುವಷ್ಟು ದಿನ ಬದುಕುತ್ತದೆಯೆ? ಅದರ ಉಕ್ಕು ಬದುಕಬಹುದು. ಎಂಜಿನ್ನೂ ಬದುಕಬಹುದು. ಆದರೆ ಕಣ್ಣು, ನರ, ನೆನಪು ಎಲ್ಲ ಇಲೆಕ್ಟ್ರಾನಿಕ್ಸ್. ಮುಂದಿನ ಗಾಜು ಬದಲಿಸಿದರೆ ಅದರ ಹಿಂದಿನ ಕ್ಯಾಮೆರಾಗೆ ಮತ್ತೆ ದೃಷ್ಟಿ ಹೊಂದಿಸಬೇಕು, ಅದಕ್ಕೆ ಬೇಕಾದ ಉಪಕರಣ ಪೇಟೆಯ ಮೇಸ್ತ್ರಿಯ ಬಳಿ ಇಲ್ಲ. ನನ್ನ ಸ್ನೇಹಿತನೊಬ್ಬನ ಕಾರು, ಬೇರೆಯೇ ಕಂಪನಿಯದು, ಒಂದು ಸಣ್ಣ ಸೆನ್ಸರಿಗಾಗಿ ಐದು ವಾರ ಸರ್ವಿಸ್ ಸೆಂಟರಿನಲ್ಲಿ ನಿಂತಿತ್ತು. ಮೇಸ್ತ್ರಿ ಒಮ್ಮೆ ನಮ್ಮ ಎಸ್‌ಯುವಿಯ ಬಾನೆಟ್ ತೆರೆದು, ಕಪ್ಪು ಪ್ಲಾಸ್ಟಿಕ್ ಮುಚ್ಚಳ ನೋಡಿ, ಮೃದುವಾಗಿ ಮತ್ತೆ ಮುಚ್ಚಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಗೊತ್ತಿಲ್ಲದ ಮನೆಯ ಬಾಗಿಲು ತಟ್ಟಿ, ಒಳಗೆ ಯಾರೂ ಮಾತಾಡದಿದ್ದಾಗ ಹಿಂದಿರುಗುವವರ ಮುಖವಿತ್ತು.

ಹೊಸ ಕಾರಿನ ನರಮಂಡಲ ನಮಗೆ ಪರಕೀಯವೇನೂ ಅಲ್ಲ. ಬೆಂಜ್ ಕಂಪನಿಯ ಜರ್ಮನಿ ಹೊರಗಿನ ಅತಿ ದೊಡ್ಡ ಸಂಶೋಧನಾ ಕೇಂದ್ರ ಇರುವುದು ಬೆಂಗಳೂರಿನಲ್ಲೇ, 1996ರಿಂದ. ಜಗತ್ತಿನ ಎಷ್ಟೋ ಕಾರುಗಳ ಬುದ್ಧಿಯನ್ನು ಬರೆಯುತ್ತಿರುವವರು ನಮ್ಮ ನೆರೆಹೊರೆಯ ಹುಡುಗ ಹುಡುಗಿಯರು. ಆಡುಗೋಡಿಯಲ್ಲಿ ಕಲಿತ ಪಂಪಿನ ವಿದ್ಯೆ ಮೂಡಿಗೆರೆಯ ಗ್ಯಾರೇಜಿಗೆ ಮುಟ್ಟಿತ್ತು. ವೈಟ್‌ಫೀಲ್ಡಿನ ಸಾಫ್ಟ್‌ವೇರ್ ವಿದ್ಯೆ ಅಲ್ಲಿಗೆ ಮುಟ್ಟಿಲ್ಲ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿಯ ಹಕ್ಕು’ ಎಂಬ ಪೋರ್ಟಲ್ ತೆರೆದು, ಮೊಬೈಲು, ಟ್ರ್ಯಾಕ್ಟರುಗಳ ಜೊತೆ ಕಾರುಗಳನ್ನೂ ಸೇರಿಸಿತು. ಅದು ಮೊದಲ ಹೆಜ್ಜೆ. ಏರ್‌ಬ್ಯಾಗ್ ಬೇಕೆಂದು ಕೇಳಿ ಪಡೆದಂತೆ ಕೈಪಿಡಿ, ಬಿಡಿಭಾಗ, ತಪಾಸಣೆಯ ಸಾಫ್ಟ್‌ವೇರ್ ಮೇಸ್ತ್ರಿಗೂ ಸಿಗಬೇಕೆಂದು ನಾವು ಕೇಳಬೇಕು. ಹದಿನೈದು, ಇಪ್ಪತ್ತು ಲಕ್ಷ ಕೊಟ್ಟ ಕುಟುಂಬಕ್ಕೆ ಆ ಕಾರು ಮಗಳ ಮದುವೆಯವರೆಗೆ ಬರಲಿ ಎಂಬ ಆಸೆ ದುರಾಸೆಯಲ್ಲ.

ಏರು

ಉಜಿರೆ ದಾಟುವಾಗ ಮಳೆ ಶುರುವಾಯಿತು. ಚಾರ್ಮಾಡಿ ಹಳ್ಳಿಯ ಹತ್ತಿರ ಬರುವಷ್ಟರಲ್ಲಿ ಆಕಾಶವೇ ಕೆಳಗಿಳಿದಿತ್ತು. ವಾಪಸು ಬರುವಾಗ ಮಾವ ತಮ್ಮ ಕಾರನ್ನು ತಾವೇ ಓಡಿಸುತ್ತೇನೆಂದರು, ಪಕ್ಕದಲ್ಲಿ ಅಕ್ಕ ಕೂತಳು. ನಾನು ಎಸ್‌ಯುವಿಯಲ್ಲಿ, ಹಿಂದೆ ಉಳಿದವರೆಲ್ಲ. ನನ್ನದು ಮುಂದೆ ಹೋದರೆ ಐದು ನಿಮಿಷದಲ್ಲಿ ಕಣ್ಮರೆಯಾಗುತ್ತದೆ ಎಂದು ಗೊತ್ತಿದ್ದರಿಂದ ಅವರನ್ನೇ ಮುಂದೆ ಬಿಟ್ಟೆ.

72 ಕುದುರೆಗಳು ಚಾರ್ಮಾಡಿ ಹತ್ತುವುದನ್ನು ಹಿಂದಿನಿಂದ ನೋಡಬೇಕು. ಎರಡನೇ ಗೇರು, ತಿರುವಿನಲ್ಲಿ ಒಂದನೇ ಗೇರು, ಮತ್ತೆ ಎರಡು. ಅವಸರವಿಲ್ಲ, ತೊದಲಿಲ್ಲ. ಅಣ್ಣಪ್ಪ ಸ್ವಾಮಿ ಗುಡಿಯ ಬಳಿ ನಿಂತು ಕಾಣಿಕೆ ಹಾಕಿದೆವು. ಅಲ್ಲಿಂದ ಮೇಲೆ ಮಂಜು. ಲಾರಿಗಳು ಎಬ್ಬಿಸಿದ ಕೆಸರು ನೀರು ಎರಡೂ ಕಾರುಗಳ ಮೈಗೆ ರಾಚಿತು. ನಮ್ಮ ಹಿಂದಿನ ಕ್ಯಾಮೆರಾದ ಪರದೆಯಲ್ಲಿ ಕಂದು ಬಣ್ಣ ಬಿಟ್ಟು ಬೇರೇನೂ ಉಳಿಯಲಿಲ್ಲ.

ಬೆಂಜಿನ ಹಿಂಭಾಗವೂ ಕೆಸರಾಗಿತ್ತು. ಡಿಕ್ಕಿ ಕಾಣದು, ನಂಬರ್ ಪ್ಲೇಟು ಕಾಣದು. ಆದರೆ ಎರಡು ಕೆಂಪು ದೀಪಗಳು ಕಾಣುತ್ತಿದ್ದವು, ಅಡ್ಡಡ್ಡ ಗೆರೆ ಎಳೆದಂತೆ. ಕೆಸರು ಏಣುಗಳ ಮೇಲೆ ಕೂತಿತ್ತು, ನಡುವಿನ ತಗ್ಗುಗಳಲ್ಲಿ ಕೂತಿರಲಿಲ್ಲ. ಬೆಳಕು ಆ ತಗ್ಗುಗಳಿಂದ ಬರುತ್ತಿತ್ತು.

ಹುಡುಗ ಮುಂದಿನ ಎರಡು ಸೀಟುಗಳ ನಡುವೆ ಬೆಲ್ಟ್ ಎಳೆಯುವಷ್ಟು ಬಾಗಿ ನೋಡಿದ.

“ಮಾಮಾ, ಗೀರು! ಅಜ್ಜ ಹೇಳಿದ್ದು ಇದೇ.”

“ಹೌದು, ಇದೇ.”

“ದೀಪ ಕಾಣ್ತಾ ಇದೆಯಲ್ಲ, ಅಷ್ಟು ಸಾಕು” ಅಂದಳು ಅಮ್ಮ. “ತೀರಾ ಹತ್ತಿರ ಹೋಗಬೇಡ. ಅವನ ಪಾಡಿಗೆ ಅವನು ಹತ್ತಲಿ.”

ನಾನು ಕಾಲು ಸಡಿಲಿಸಿದೆ.